ಜ್ಯೇಷ್ಠಮಧುವಿಗೆ ಜಠರದ ಪರೀಕ್ಷೆ

ಗ್ರಂಧಿಗೆ ಅಂಗಡಿಯಲ್ಲಿ ಬೆರಳುದ್ದದ ಒಣಕಡ್ಡಿಯಾಗಿ ಸಿಗುವ, ಹೊರಗೆ ಕಂದಾಗಿ ಒಳಗೆ ಹಳದಿ ನಾರಾಗಿರುವ ಜ್ಯೇಷ್ಠಮಧುವನ್ನು ಮನೆಗಳಲ್ಲಿ ಹೆಚ್ಚಾಗಿ ಕೆಮ್ಮಿಗೂ ಗಂಟಲಿಗೂ ಬಳಸುತ್ತಾರಾದರೂ, ಆಯುರ್ವೇದವು ಯಷ್ಟಿಮಧುವೆಂದು ಕರೆದು ಅದನ್ನು ಅಮ್ಲಪಿತ್ತಕ್ಕೂ, ಅಂದರೆ ಹುಳಿತೇಗು, ಎದೆಯುರಿಗಳ ಬಾಧೆಗೂ ಹೇಳುತ್ತದೆ. ಅದು ಜಠರವನ್ನು ನಿಜಕ್ಕೂ ಕಾಯುತ್ತದೆಯೇ ಎಂಬುದನ್ನು ಅಳೆಯುವ ಬಗೆ ಮಾತ್ರ ಈಚಿನದು.

ಇಲಿಯ ಜಠರದ ಕೆಳಬಾಯಿಯನ್ನು ದಾರದಿಂದ ಕಟ್ಟಿ, ಒಳಗೆ ತುಂಬುವ ಆಮ್ಲವೇ ಒಳಪದರವನ್ನು ಕೊರೆಯುವಂತೆ ಮಾಡುವ ವಿಧಾನವನ್ನು ಅಮೆರಿಕದ ಹ್ಯಾರಿ ಶೇ ಮತ್ತು ಸಂಗಡಿಗರು 1945ರಲ್ಲಿ ಪ್ರಕಟಿಸಿದರು. ಇಂದು ಈ ವಿಧಾನದಲ್ಲಿ ಇಲಿಗಳ ಒಂದು ಗುಂಪಿಗೆ ಬರಿಯ ನೀರು, ಇನ್ನೊಂದಕ್ಕೆ ಒಮೆಪ್ರಜೋಲ್‌ನಂಥ ಗೊತ್ತಿರುವ ಔಷಧ, ಮತ್ತೊಂದಕ್ಕೆ ಮೂಲಿಕೆಯ ಸಾರ ಕೊಟ್ಟು, ಕೊನೆಗೆ ಜಠರವನ್ನು ಸೀಳಿ ಹರಡಿ, ಭೂತಗನ್ನಡಿಯಡಿ ಹುಣ್ಣುಗಳನ್ನು ಎಣಿಸಿ ಅಳೆದು ಪಡೆಯುವ ಅಂಕಿಯೇ ವ್ರಣಸೂಚ್ಯಂಕ. ಆದರೆ ಇಲಿಗೆ ಒಂದೇ ದಿನದಲ್ಲಿ ಬರಿಸಿದ ಹುಣ್ಣಿಗೂ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದಲೋ ನೋವಿನ ಮಾತ್ರೆಗಳಿಂದಲೋ ಮನುಷ್ಯನಲ್ಲಿ ನಿಧಾನವಾಗಿ ಮೂಡುವ ಹುಣ್ಣಿಗೂ ಇರುವ ಅಂತರ ಸಣ್ಣದಲ್ಲ; ಜಾಹೀರಾತುಗಳು ಮರೆಸುವುದು ಇದನ್ನೇ.

ಜ್ಯೇಷ್ಠಮಧುವಿನ ವಿಷಯದಲ್ಲಿ ಮನುಷ್ಯರ ಮೇಲಿನ ಅನುಭವವೇ ಹೆಚ್ಚು ಕಲಿಸಿತು. 1946ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯ ರೆವರ್ಸ್, ಅದರ ಸಾರದಿಂದ ಜಠರದ ಹುಣ್ಣು ಮಾಯುವುದನ್ನೂ, ಜೊತೆಗೆ ಸುಮಾರು ಐವರಲ್ಲಿ ಒಬ್ಬರಿಗೆ ಮೈ ಊದಿಕೊಳ್ಳುವುದನ್ನೂ ವರದಿ ಮಾಡಿದರು. ಆ ಬೇರಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್‌ನಿಂದ ರೂಪಿಸಿದ ಕಾರ್ಬೆನಾಕ್ಸಲೋನ್ ಎಂಬ ಔಷಧವನ್ನು 1962ರಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಪರೀಕ್ಷಿಸಿದಾಗಲೂ ಗುಣ ಕಂಡಿತು, ದೋಷವೂ ಉಳಿಯಿತು. ಕಾರ್ಟಿಸಾಲ್ ಹಾರ್ಮೋನನ್ನು ಮೂತ್ರಪಿಂಡದಲ್ಲಿ ನಿಷ್ಕ್ರಿಯಗೊಳಿಸುವ ಕಿಣ್ವವನ್ನೇ ಗ್ಲಿಸಿರೈಜಿನ್ ತಡೆಯುವುದರಿಂದ ದೇಹ ಉಪ್ಪುನೀರನ್ನು ಹಿಡಿದಿಟ್ಟುಕೊಂಡು, ಪೊಟ್ಯಾಸಿಯಂ ಕಳೆದುಕೊಂಡು, ರಕ್ತದೊತ್ತಡ ಏರುತ್ತದೆ.

ಗ್ಲಿಸಿರೈಜಿನ್ ಬಹುಪಾಲು ತೆಗೆದ ಸಾರವೊಂದನ್ನು ಬೆಂಗಳೂರಿನ ಕಂಪನಿಯೊಂದು ತಯಾರಿಸಿದ್ದು, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಣ್ಣಿಲ್ಲದೆಯೂ ಅಜೀರ್ಣದಿಂದ ಬಳಲುತ್ತಿದ್ದ 50 ಮಂದಿಗೆ ಅದನ್ನೋ ಹುಸಿಮಾತ್ರೆಯನ್ನೋ, ಯಾರಿಗೆ ಯಾವುದೆಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ, ದಿನಕ್ಕೆರಡು ಬಾರಿ 30 ದಿನ ಕೊಡಲಾಯಿತು. ಸಾರ ಪಡೆದವರ ಬಾಧೆ ಹೆಚ್ಚು ಇಳಿಯಿತು. ಕಂಪನಿಯ ಸಂಶೋಧಕರೂ ಪಾಲ್ಗೊಂಡಿದ್ದ ಈ ಅಧ್ಯಯನ ಭರವಸೆ ಹುಟ್ಟಿಸುವಂಥದ್ದೇ ಆದರೂ ಚಿಕ್ಕದು, ಹುಣ್ಣಿನ ಮಾತನ್ನಂತೂ ಅದು ಆಡುವುದಿಲ್ಲ.

ಅಂಗಡಿಯ ಕಡ್ಡಿಯಲ್ಲಿ ಗ್ಲಿಸಿರೈಜಿನ್ ಹಾಗೆಯೇ ಇರುತ್ತದೆ. ರಕ್ತದೊತ್ತಡವಿರುವವರೂ ಗರ್ಭಿಣಿಯರೂ ಅದರ ಕಷಾಯವನ್ನು ವೈದ್ಯರನ್ನು ಕೇಳದೆ ದಿನವೂ ಕುಡಿಯಬಾರದು.