ಜಪಾನೀ ಭಾಷೆಯಲ್ಲಿ ಪರಿಚಯದ ಮೊದಲ ಮಾತು

ಜಪಾನೀ ಭಾಷೆಯ ತರಗತಿಗೆ ಸೇರಿದವರು ಆರಂಭದಲ್ಲಿಯೇ ಕಲಿಯುವ ಪಾಠ ‘ಜಿಕೋಶೋಕಾಯ್’. ಎಂದರೆ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವುದು. ಉದ್ಯೋಗಕ್ಕೋ ಉನ್ನತ ವ್ಯಾಸಂಗಕ್ಕೋ ಆ ದೇಶಕ್ಕೆ ತೆರಳಲಿರುವ ಮಕ್ಕಳು ಇದನ್ನು ಬಾಯಿಪಾಠ ಮಾಡುವಾಗ ಮನೆಯ ಹಿರಿಯರ ಕಿವಿಗೂ ಬೀಳುವುದುಂಟು. ಅದು ನಾಲ್ಕೇ ವಾಕ್ಯಗಳ ಪಾಠ:

‘ಹಾಜಿಮೆಮಾಶಿತೆ. ವಾತಾಶಿ ವಾ ಪಾಟೀಲ ದೆಸು. ಇಂದೊ ಕಾರಾ ಕಿಮಾಶಿತಾ. ಯೊರೊಶಿಕು ಒನೆಗಾಯ್‌ಶಿಮಾಸು.’

ಇದೇ ಮೊದಲ ಭೇಟಿ ಎಂಬುದು ಮೊದಲ ನುಡಿಯ ಭಾವ. ಎರಡನೆಯದು ‘ನಾನು ಪಾಟೀಲ’ ಎಂದು. ‘ದೆಸು’ ಪದದ ಕೊನೆಯ ಉಕಾರವು ಕೇಳಿಸಿಯೂ ಕೇಳಿಸದಂತಿರಬೇಕು. ಆ ಭಾಷೆಯಲ್ಲಿ ಲಕಾರವಿಲ್ಲದ ಕಾರಣ ನಮ್ಮ ಪಾಟೀಲರು ಅಲ್ಲಿ ‘ಪಾತಿರು’ ಆಗುತ್ತಾರೆ, ಅದಕ್ಕೆ ಬೇಸರಪಡಬೇಕಾಗಿಲ್ಲ. ಮೂರನೆಯ ವಾಕ್ಯವಂತೂ ಕನ್ನಡಿಗರಿಗೆ ಬಲು ಸುಲಭ. ‘ಇಂದೊ’ ಎಂದರೆ ಭಾರತ, ‘ಕಾರಾ’ ಎಂದರೆ ‘ಇಂದ’, ‘ಕಿಮಾಶಿತಾ’ ಎಂದರೆ ‘ಬಂದೆನು’. ನಮ್ಮಲ್ಲಿರುವಂತೆಯೇ ವಿಭಕ್ತಿಯ ಅರ್ಥ ಕೊಡುವ ಪದವು ನಾಮಪದದ ಹಿಂದೆ ಬರುತ್ತದೆ, ಕ್ರಿಯಾಪದವು ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವುದಕ್ಕಿಂತ ಕನ್ನಡದ ಮೂಲಕ ಕಲಿಯುವುದೇ ಲೇಸೆಂದು ನಮಗೆ ತೋರುತ್ತದೆ.

ಆದರೆ ನಮ್ಮವರ ನಾಲಿಗೆ ತಡವರಿಸುವುದು ವ್ಯಾಕರಣದಲ್ಲಲ್ಲ, ಗೌರವದ ಮಾತಿನಲ್ಲಿ. ಇತರರ ಹೆಸರಿಗೆ ತಪ್ಪದೆ ‘ಸಾನ್’ ಸೇರಿಸಬೇಕು. ತನ್ನ ಹೆಸರಿಗೆ ಎಂದೂ ಸೇರಿಸಕೂಡದು. ಇದು ನಮಗೂ ಒಪ್ಪುವ ಮಾತೇ. ಮುಂದಿನದು ಕಠಿಣ. ಪರರ ತಂದೆ ‘ಓತೋಸಾನ್’, ತಾಯಿ ‘ಓಕಾಸಾನ್’. ಹೊರಗಿನವರೊಡನೆ ತನ್ನ ತಂದೆತಾಯಿಗಳ ವಿಷಯ ಹೇಳುವಾಗ ಬರೀ ‘ಚಿಚಿ’, ‘ಹಾಹಾ’. ತಂದೆ ಶಿಕ್ಷಕರಾಗಿದ್ದರೆ ‘ಸೆನ್ಸೆಯ್’ ಎಂಬ ಗೌರವದ ಪದವನ್ನು ಬಳಸದೆ ‘ಚಿಚಿ ವಾ ಕ್ಯೋಶಿ ದೆಸು’ ಎನ್ನಬೇಕು. ‘ನಮ್ಮ ತಂದೆಯವರು’ ಎಂದೇ ಹೇಳಿ ಬೆಳೆದ ಮಗಳಿಗೆ ಇದು ಅಗೌರವವೆನಿಸಿದರೆ ಆಶ್ಚರ್ಯವಿಲ್ಲ. ಜಪಾನೀಯರ ದೃಷ್ಟಿ ಬೇರೆ. ಅನ್ಯರ ಮುಂದೆ ತಾನು ವಿನಯದಿಂದಿರುವಾಗ ತನ್ನ ಮನೆಯವರೂ ಆ ವಿನಯದೊಳಗೇ ಸೇರುತ್ತಾರೆ. ಕಚೇರಿಯ ನೌಕರನು ಹೊರಗಿನವರೊಡನೆ ಮಾತನಾಡುವಾಗ ತನ್ನ ಮೇಲಧಿಕಾರಿಯ ಹೆಸರಿಗೂ ‘ಸಾನ್’ ಸೇರಿಸುವುದಿಲ್ಲ. ಮನೆಯೊಳಗೆ ತಂದೆಯನ್ನು ಕರೆಯುವಾಗ ಮಾತ್ರ ಮತ್ತೆ ‘ಓತೋಸಾನ್’ ಎಂಬುದೇ ರೂಢಿ.

ಕೊನೆಯ ವಾಕ್ಯಕ್ಕೆ ಸರಿಸಮನಾದ ಕನ್ನಡ ನುಡಿಯಿಲ್ಲ. ‘ನಿಮ್ಮ ವಿಶ್ವಾಸವಿರಲಿ’ ಎಂಬುದು ಅದಕ್ಕೆ ಸಮೀಪವಾದೀತು. ಇದನ್ನು ನುಡಿದು ಸೊಂಟದಿಂದ ಬಾಗಿ ವಂದಿಸುವರು, ಕೈಜೋಡಿಸುವ ರೂಢಿಯಿಲ್ಲ. ಎದುರಿನವರು ಹೆಸರಿನ ಚೀಟಿಯಾದ ‘ಮೇಯ್ಶಿ’ಯನ್ನು ನೀಡಿದರೆ ಎರಡೂ ಕೈಗಳಿಂದ ಸ್ವೀಕರಿಸಿ, ಓದಿ ನೋಡಬೇಕು. ನೋಡದೆಯೇ ಜೇಬಿಗೆ ಹಾಕಿಕೊಂಡರೆ ಅದನ್ನು ಕೊಟ್ಟವರನ್ನೇ ಕಡೆಗಣಿಸಿದಂತೆ ಭಾವಿಸುವರು.