ಬ್ಯಾಕ್‌ಸ್ಪೇಸ್ ಒತ್ತಿದರೆ ^ಎಚ್ ಯಾಕೆ?

ಲಿನಕ್ಸ್ ಟರ್ಮಿನಲ್ ಬಳಸುವವರು ಇದನ್ನು ಒಮ್ಮೆಯಾದರೂ ಕಂಡಿರುತ್ತಾರೆ. ತಪ್ಪಿದ ಅಕ್ಷರ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿದರೆ ಅದು ಅಳಿಯುವುದಿಲ್ಲ, ಬದಲಿಗೆ ^ಎಚ್ ^ಎಚ್ ಎಂದು ಬಾಲ ಬೆಳೆಯುತ್ತದೆ. ಈ ಕಾಟದ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ಹೆಚ್ಚಿನವು ತಪ್ಪು.

ಕಲ್ಪನೆ: ಕೀಬೋರ್ಡ್ ಕೆಟ್ಟಿದೆ.

ಸತ್ಯ: ಯಾವ ಕೀ ಒತ್ತಿದಿರಿ ಎಂದು ತಿಳಿಸುವುದಷ್ಟೇ ಕೀಬೋರ್ಡಿನ ಕೆಲಸ. ಅದಕ್ಕೆ ಯಾವ ಸಂಕೇತ ಕಳಿಸಬೇಕು ಎನ್ನುವುದನ್ನು ತೀರ್ಮಾನಿಸುವುದು ಟರ್ಮಿನಲ್. ಸಂಕೇತ ಬಂದ ಮೇಲೆ ಅಳಿಸುವುದು ಕರ್ನಲ್ ಅಥವಾ ನೀವು ಬಳಸುತ್ತಿರುವ ಪ್ರೋಗ್ರಾಂ. ಬ್ಯಾಕ್‌ಸ್ಪೇಸಿಗೆ ಬಳಕೆಯಲ್ಲಿರುವ ಸಂಕೇತಗಳು ಎರಡು, 8 ಮತ್ತು 127. ಟರ್ಮಿನಲ್ 8 ಕಳಿಸಿ, ಕರ್ನಲ್ 127ಕ್ಕೆ ಕಾಯುತ್ತಿದ್ದರೆ, ಆ 8 ಕೂಡ ನೀವು ಟೈಪ್ ಮಾಡಿದ ಇನ್ನೊಂದು ಅಕ್ಷರವಾಗಿ ಒಳಗೆ ಸೇರಿ, ತೆರೆಯ ಮೇಲೆ ^ಎಚ್ ಎಂದು ಕಾಣುತ್ತದೆ. ಬ್ಯಾಷ್ ಶೆಲ್‌ನಲ್ಲಿ ತೊಂದರೆ ಕಾಣುವುದಿಲ್ಲ. ಅದರೊಳಗಿನ ರೀಡ್‌ಲೈನ್ ಲೈಬ್ರರಿ ಎರಡು ಸಂಕೇತಗಳಿಗೂ ಅಳಿಸುತ್ತದೆ. ನಿಜವಾದ ಫಜೀತಿ ಪಾಸ್‌ವರ್ಡ್ ಕೇಳುವಲ್ಲಿ. ತೆರೆಯ ಮೇಲೆ ಏನೂ ಮೂಡುವುದಿಲ್ಲ, ಅಳಿಸಿದೆ ಎಂದುಕೊಂಡ ಒತ್ತು ಪಾಸ್‌ವರ್ಡಿನ ಭಾಗವೇ ಆಗಿಬಿಡುತ್ತದೆ.

ಕಲ್ಪನೆ: 8 ಅಸಲಿ ಬ್ಯಾಕ್‌ಸ್ಪೇಸ್, 127 ಡಿಲೀಟ್ ಕೀಯ ಸೊತ್ತು, ಲಿನಕ್ಸ್‌ನವರು ಅದಲುಬದಲು ಮಾಡಿದ್ದಾರೆ.

ಸತ್ಯ: ಆಸ್ಕಿ ಪಟ್ಟಿಯಲ್ಲಿ 8ರ ಹೆಸರು ಬ್ಯಾಕ್‌ಸ್ಪೇಸ್ ಎಂದಿರುವುದು ನಿಜ. ಆದರೆ ಅದರ ಕೆಲಸ ಒಂದು ಸ್ಥಾನ ಹಿಂದೆ ಸರಿಯುವುದಷ್ಟೇ. ಟೆಲಿಪ್ರಿಂಟರಿನಲ್ಲಿ ಹಾಗೆ ಸರಿದು, ಮುದ್ರಿಸಿದ ಅಕ್ಷರದ ಕೆಳಗೆ ಗೆರೆ ಎಳೆಯಬಹುದಿತ್ತು. ಅಳಿಸುವ ಸಂಕೇತ ಮೊದಲಿನಿಂದಲೂ 127. ಕಾಗದದ ಪಟ್ಟಿಯಲ್ಲಿ ಒಮ್ಮೆ ಕೊರೆದ ತೂತನ್ನು ಮುಚ್ಚಲಾಗದು. ಹಾಗಾಗಿ ತಪ್ಪಾದ ಜಾಗದಲ್ಲಿ ಏಳಕ್ಕೆ ಏಳೂ ತೂತು ಕೊರೆದುಬಿಡುತ್ತಿದ್ದರು. ಏಳೂ ಬಿಟ್ 1 ಆದರೆ ಬರುವ ಸಂಖ್ಯೆಯೇ 127. 1983ರಲ್ಲಿ ಬಂದ ಡಿಇಸಿ ಕಂಪನಿಯ ವಿಟಿ220 ಟರ್ಮಿನಲ್ ಬ್ಯಾಕ್‌ಸ್ಪೇಸ್ ಜಾಗದ ಕೀಗೆ 127 ಕೊಟ್ಟಿತು, ಪ್ರತ್ಯೇಕವಾಗಿದ್ದ ರಿಮೂವ್ ಕೀಗೆ ‘ಎಸ್ಕೇಪ್ [ 3 ~’ ಎಂಬ ಸರಣಿ. ಲಿನಕ್ಸ್ ವಿತರಣೆಯಾದ ಡೆಬಿಯನ್ ತನ್ನ ನಿಯಮಾವಳಿಯಲ್ಲಿ ಇದೇ ಹಂಚಿಕೆಯನ್ನು ಇಟ್ಟುಕೊಂಡಿದೆ. ಈಮ್ಯಾಕ್ಸ್ ಎಡಿಟರ್ ಬಳಕೆದಾರರಿಗಂತೂ ಇದೇ ನೆಮ್ಮದಿ: ಅಲ್ಲಿ ಕಂಟ್ರೋಲ್-ಎಚ್ ಎಂದರೆ ಸಹಾಯ. 8 ಕಳಿಸುವ ಟರ್ಮಿನಲ್ ಸಿಕ್ಕರೆ ಪ್ರತಿ ಅಳಿಕೆಗೂ ಕೇಳದ ಸಹಾಯ ಬಂದು ನಿಲ್ಲುತ್ತದೆ.

ಕಲ್ಪನೆ: ಶೆಲ್‌ನ ಫೈಲಿಗೆ ಒಂದು ‘ಎಸ್‌ಟಿಟಿವೈ ಇರೇಸ್’ ಸಾಲು ಸೇರಿಸಿದರೆ ರೋಗ ವಾಸಿ.

ಸತ್ಯ: ಆ ಆಜ್ಞೆ ಕರ್ನಲ್ ಯಾವ ಸಂಕೇತಕ್ಕೆ ಕಾಯಬೇಕು ಎಂಬುದನ್ನಷ್ಟೇ ಬದಲಿಸುತ್ತದೆ. ಟರ್ಮಿನಲ್ ಕಳಿಸುವುದು 8 ಆಗಿಯೇ ಉಳಿಯುತ್ತದೆ. ಆಮೇಲೆ ವಿಮ್ ಎಡಿಟರಿಗೊಂದು, ಈಮ್ಯಾಕ್ಸ್‌ಗೊಂದು ಎಂದು ತೇಪೆ ಹಾಕುತ್ತಾ ಹೋಗಬೇಕು. ಬೇರೆ ಸರ್ವರಿಗೆ ಲಾಗಿನ್ ಆದರೆ ಆ ತೇಪೆಗಳು ಅಲ್ಲಿರುವುದಿಲ್ಲ.

ಕಲ್ಪನೆ: ಕೀ ನಕ್ಷೆಯನ್ನು ಎಕ್ಸ್‌ಮಾಡ್‌ಮ್ಯಾಪ್‌ನಲ್ಲಿ ಬದಲಿಸಿದರೆ ಎಲ್ಲೆಡೆ ಬದಲಾಗುತ್ತದೆ.

ಸತ್ಯ: ಅದು ಚಿತ್ರಾತ್ಮಕ ತೆರೆ ನಡೆಸುವ ಎಕ್ಸ್ ಸರ್ವರಿಗೆ ಸೀಮಿತ. ಕಪ್ಪು ಕನ್ಸೋಲಿಗೆ ಬೇರೆ ನಕ್ಷೆ ಇದೆ, ವೇಲ್ಯಾಂಡ್‌ನ ಪ್ರೋಗ್ರಾಂಗಳು ಅದರ ಮಾತು ಕೇಳುವುದಿಲ್ಲ.

ಕಲ್ಪನೆ: ಕನ್ನಡದಲ್ಲಿ ‘ಕ್ಷ’ ಅಳಿಸಲು ಹೋದರೆ ‘ಕ್’ ಉಳಿಯುವುದು ದೋಷ.

ಸತ್ಯ: ಬೇಕೆಂದೇ ಮಾಡಿದ ವ್ಯವಸ್ಥೆ ಇದು. ಯೂನಿಕೋಡ್‌ನಲ್ಲಿ ‘ಕ್ಷ’ ಎಂದರೆ ಕ, ವಿರಾಮ (್), ಷ ಎಂಬ ಮೂರು ಸಂಕೇತಗಳು. ಬ್ಯಾಕ್‌ಸ್ಪೇಸ್ ಕೊನೆಯದನ್ನು ಮಾತ್ರ ತೆಗೆಯುತ್ತದೆ. ‘ಕಿ’ ಬೇಕಾದಲ್ಲಿ ‘ಕೀ’ ಬಂದರೆ ಇಡೀ ಅಕ್ಷರ ಮತ್ತೆ ಬರೆಯುವ ಕೆಲಸ ತಪ್ಪುತ್ತದೆ. ಟರ್ಮಿನಲ್‌ನಲ್ಲಿ ನಿಜವಾದ ದೋಷ ಬೇರೆಯಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್. ‘ಐಯುಟಿಎಫ್8’ ಎಂಬ ಸೆಟ್ಟಿಂಗ್ ಆಫ್ ಆಗಿದ್ದರೆ ಕರ್ನಲ್ ಒಂದೇ ಬೈಟ್ ಕಿತ್ತು ಉಳಿದ ಎರಡನ್ನು ಕಸವಾಗಿ ಬಿಡುತ್ತದೆ. ಆ ಸೆಟ್ಟಿಂಗ್ ಲಿನಕ್ಸ್ 2.6.4ರಿಂದಲೇ ಇದೆ.

ಏನನ್ನಾದರೂ ಬದಲಿಸುವ ಮೊದಲು ಬ್ಯಾಷ್‌ನಲ್ಲಿ ಕಂಟ್ರೋಲ್-ವಿ ಒತ್ತಿ, ಬಳಿಕ ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ^? ಬಂದರೆ 127, ^ಎಚ್ ಬಂದರೆ 8. ಎರಡನೆಯದಾದರೆ ಟರ್ಮಿನಲ್ಲಿನ ಸೆಟ್ಟಿಂಗ್‌ನಲ್ಲೇ 127 ಆರಿಸಿ (ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಂನಲ್ಲಿ ಇದು ಕೀಬೋರ್ಡ್ ಪುಟದಲ್ಲಿದೆ), ಹಳೆಯ ತೇಪೆಗಳನ್ನೆಲ್ಲ ಕಿತ್ತುಹಾಕಿ.