ತಾಮ್ರದ ಹೊದಿಕೆಯೂ ಕಬ್ಬಿಣದ ಮೊಳೆಯೂ

ತಾಮ್ರದ ಪಾತ್ರೆಗೆ ಕಬ್ಬಿಣದ ಹಿಡಿಯನ್ನು ಕೂಡಿಸಿದರೆ, ನೀರು ತಗಲುವೆಡೆಯಲ್ಲಿ ಹಿಡಿಯೇ ಮೊದಲು ಸವೆಯುವುದನ್ನು ಗೃಹಿಣಿಯರು ಕಂಡಿರಬಹುದು. ಇದೇ ಸಂಗತಿಯು ಒಮ್ಮೆ ಇಂಗ್ಲೆಂಡಿನ ನೌಕಾದಳವನ್ನೇ ಕಳವಳಕ್ಕೆ ಈಡುಮಾಡಿತ್ತು.

ಮರದ ಹಡಗುಗಳ ತಳವನ್ನು ಕಡಲಹುಳುಗಳು ಕೊರೆದು ಜಾಳುಮಾಡುತ್ತಿದ್ದುವು. ಇದನ್ನು ತಡೆಯಲೆಂದು 1761ರಲ್ಲಿ ‘ಅಲಾರಂ’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ವೆಸ್ಟ್ ಇಂಡೀಸಿಗೆ ಕಳುಹಿಸಿದರು. 1763ರಲ್ಲಿ ಮರಳಿದ ಹಡಗನ್ನು ಪರೀಕ್ಷಿಸಲು, ಹುಳುಗಳ ಬಾಧೆಯೇನೋ ತಪ್ಪಿದ್ದಿತು. ಆದರೆ ಕಬ್ಬಿಣದ ಮೊಳೆಗಳು ಅನೇಕ ಕಡೆ ತುಕ್ಕಿನ ಮುದ್ದೆಗಳಾಗಿದ್ದುವು! ಮೊಳೆಯೇ ಕರಗಿದರೆ ಹಲಗೆಯನ್ನು ಹಿಡಿದಿಡುವವರಾರು? ಸೋಜಿಗವೇನೆಂದರೆ, ತಗಡಿಗೆ ಸುತ್ತಿಬಂದಿದ್ದ ಕಂದುಕಾಗದವು ಎರಡು ಲೋಹಗಳ ನಡುವೆ ಉಳಿದೆಡೆಯಲ್ಲಿ ಮೊಳೆಗಳು ಕೆಟ್ಟಿರಲಿಲ್ಲ.

ಕಾರಣವನ್ನು ಈಗ ಬಲ್ಲೆವು. ಉಪ್ಪುನೀರಿನಲ್ಲಿ ಒಂದಕ್ಕೊಂದು ತಗಲಿರುವ ಈ ಎರಡು ಲೋಹಗಳು ಒಂದು ವಿದ್ಯುತ್ಕೋಶವೇ ಆಗುವುವು. ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಲ್ಲಿ ಕಬ್ಬಿಣವು ತಾಮ್ರಕ್ಕಿಂತ ಉದಾರಿ. ಅವು ತಾಮ್ರದತ್ತ ಹರಿದು, ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ದೊರೆಯುವುವು. ಇತ್ತ ಕಬ್ಬಿಣವು ಕಣಕಣವಾಗಿ ನೀರಿಗಿಳಿದು ಕಡೆಗೆ ತುಕ್ಕಾಗುವುದು. ತಗಡಿನ ವಿಸ್ತಾರ ಬಹಳ, ಮೊಳೆಯದು ಅತ್ಯಲ್ಪ. ಆದುದರಿಂದ ಸವೆತವೆಲ್ಲವೂ ಆ ಬಡಮೊಳೆಯ ಪಾಲಿಗೇ ಬರುವುದು. ಕಾಗದವು ಸ್ಪರ್ಶವನ್ನು ತಪ್ಪಿಸಿದಲ್ಲಿ ಈ ಪ್ರವಾಹವೂ ತಪ್ಪಿತು. ಆಗಿನವರಿಗೆ ಇದು ತಿಳಿಯುವಂತಿರಲಿಲ್ಲ. ವೋಲ್ಟನು ತನ್ನ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದುದೇ 1800ರಲ್ಲಿ.

ಕಡಲನೀರಿನಲ್ಲಿ ತಾಮ್ರವೂ ಮೆಲ್ಲನೆ ಸವೆಯುವುದಷ್ಟೆ. ಅದನ್ನು ಕಾಯಲು 1824ರಲ್ಲಿ ಸರ್ ಹಂಫ್ರಿ ಡೇವಿಯು ಈ ಕೇಡನ್ನೇ ಉಪಾಯವನ್ನಾಗಿ ಮಾಡಿಕೊಂಡನು. ಬಟಾಣಿಕಾಳಿನಷ್ಟು ಸತುವನ್ನು ತಗಲಿಸಿದರೆ ನಲವತ್ತೈವತ್ತು ಚದರಂಗುಲ ತಾಮ್ರವು ಸವೆಯದೆ ಉಳಿಯುವುದೆಂದು ತೋರಿಸಿದನು. ಸತುವು ತಾನು ಕರಗಿ ತಾಮ್ರವನ್ನು ಕಾಯುವುದು. ಹಡಗುಗಳಿಗೂ ಇಂತಹ ಕಾವಲು ಲೋಹವನ್ನು ಜೋಡಿಸಿದರು, ತಾಮ್ರವು ಉಳಿಯಿತು. ಆದರೆ ತಳದ ತುಂಬ ಪಾಚಿ, ಚಿಪ್ಪುಜೀವಿಗಳು ಬೆಳೆದು ಹಡಗಿನ ವೇಗವೇ ಕುಗ್ಗಿತು! ಕರಗುವ ತಾಮ್ರದ ವಿಷವೇ ಅವುಗಳನ್ನು ದೂರವಿಟ್ಟಿದ್ದಿತು. ಕೆಲವೇ ವರ್ಷಗಳಲ್ಲಿ ಕಾವಲನ್ನು ಕಿತ್ತುಹಾಕಿದರು. ಪಾಪ, ಡೇವಿಯ ರಸಾಯನಶಾಸ್ತ್ರದಲ್ಲಿ ತಪ್ಪೇನೂ ಇರಲಿಲ್ಲ.

ಇಂದಿನ ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುವುದು ಇದೇ ತತ್ತ್ವದಿಂದ. ಬಚ್ಚಲಮನೆಯ ಸತುವಿನ ಲೇಪದ ಬಕೆಟ್ಟಿನ ಮೇಲೆ ಗೀರು ಬಿದ್ದರೂ ಅಲ್ಲಿ ಒಡನೆ ತುಕ್ಕು ಹಿಡಿಯದು. ಸುತ್ತಲಿನ ಸತುವು ಮೊದಲು ಕರಗುತ್ತಿರುವುದು. ಅದು ತೀರಿದ ಬಳಿಕವೇ ಕೆಂಪು ಕಾಣಿಸಿಕೊಳ್ಳುವುದು.